ಮೇಜರ್ ಗುಂಡಿನ ಮೋಹ ಬೇಡ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯವರಿಗೆ ಕೋವಿ ಹೊಸದೇನಲ್ಲ, ಪಕ್ಕದಲ್ಲೇ ಕೊಡಗಿದೆ. ಆದರೆ ಓಡಾಡುತ್ತಲೇ ಗುರಿಯಿಡುವ ಐಪಿಎಸ್‌ಸಿ ಮಾದರಿಯ ಪಿಸ್ತೂಲು ಸ್ಪರ್ಧೆಯ ಆಸೆ ನಿಮಗಿದ್ದರೆ, ಜೋರಾದ ಗುಂಡೇ ಗೆಲ್ಲುತ್ತದೆ ಎಂಬ ಮಾತನ್ನು ಮಾತ್ರ ನಂಬಬೇಡಿ.

ಗ್ರೇನ್ ಲೆಕ್ಕದ ಗುಂಡಿನ ತೂಕವನ್ನು ಸೆಕೆಂಡಿಗೆ ಎಷ್ಟು ಅಡಿ ಎಂಬ ವೇಗದಿಂದ ಗುಣಿಸಿ, 1000ದಿಂದ ಭಾಗಿಸಿದರೆ ಪವರ್ ಫ್ಯಾಕ್ಟರ್. ಕಡಿಮೆ ಬಲದ ‘ಮೈನರ್’ ಗುಂಡಿಗೆ 125 ಸಾಕು. ಸ್ಟ್ಯಾಂಡರ್ಡ್ ವಿಭಾಗದಲ್ಲಿ ಜೋರಾದ ‘ಮೇಜರ್’ ಎನಿಸಿಕೊಳ್ಳಲು 170 ಬೇಕು. ನಡುವಿನ ‘ಎ’ ವಲಯಕ್ಕೆ ಬಿದ್ದರೆ ಎರಡಕ್ಕೂ 5 ಅಂಕವೇ. ‘ಸಿ’ಗೆ ಬಿದ್ದರೆ ಮೇಜರ್‌ಗೆ 4, ಮೈನರ್‌ಗೆ 3.

ಹತ್ತರಲ್ಲಿ ಆರು ‘ಎ’, ನಾಲ್ಕು ‘ಸಿ’ ಬಿದ್ದವು ಅನ್ನಿ: ಮೇಜರ್‌ನವರಿಗೆ 46, ಮೈನರ್‌ನವರಿಗೆ 42. ಆದರೆ ಅಂಕವನ್ನು ಸಮಯದಿಂದ ಭಾಗಿಸುತ್ತಾರಲ್ಲ! 10 ಸೆಕೆಂಡಿನ ಮೇಜರ್‌ಗೆ 4.6, ಕೈಗೆ ಕಡಿಮೆ ಒದೆಯುವ ಮೈನರ್‌ನಲ್ಲಿ 9 ಸೆಕೆಂಡಿಗೆ ಮುಗಿಸಿದವರಿಗೆ 4.67. ಹೊಸಬರಿಗೆ ನಾನಂತೂ ಮೈನರ್ ಅನ್ನೇ ಹೇಳುವುದು.

ಇನ್ನು ಮೈನರ್‌ನಲ್ಲಿ ಹೆಚ್ಚಾಗಿ ಬಳಸುವ 9 ಎಂಎಂ ನಮ್ಮ ದೇಶದಲ್ಲಿ ನಿಷೇಧಿತ ಬೋರ್. ಸಾಮಾನ್ಯ ಲೈಸೆನ್ಸಿಗೆ ಸಿಗದು. ಬೆಳೆ ಕಾಯುವ ಕೋವಿ ಈ ಆಟಕ್ಕೆ ಒದಗದು. ಹಾಗಾಗಿ ಕ್ಲಬ್ಬೊಂದನ್ನು ಸೇರಿ ಏರ್ ಪಿಸ್ತೂಲಿನಿಂದಲೇ ಶುರುಮಾಡಿ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2013ರ ಚಾಂಗ್ವಾನ್ ವಿಶ್ವಕಪ್‌ನಲ್ಲಿ ಕಂಚು ಗೆದ್ದದ್ದು ಅದರಲ್ಲೇ. ನಾಗರಹೊಳೆ ಅಂಚಿನ ತೋಟದಲ್ಲಿ ಮಾತ್ರ ಅಭ್ಯಾಸ ಬೇಡ; ಸದ್ದು ಕೇಳಿ ಬರುವ ಅರಣ್ಯ ಇಲಾಖೆಯವರು ನಿಮ್ಮ ಅಂಕ ಕೇಳುವುದಿಲ್ಲ.