ಎರರ್ ಕೊಡದೆ ಸಾಯುತ್ತಿದ್ದ ಸರ್ವರ್

ನಮ್ಮ ಫೆಸ್ಟ್‌ನ ನೋಂದಣಿ ಸೈಟ್ ಪೈಥಾನ್‌ನಲ್ಲಿ ಬರೆದದ್ದು. 1 ಜಿಬಿ ರ‍್ಯಾಮ್ ಇರೋ ಬಾಡಿಗೆ ಸರ್ವರ್, ಒಂದೇ ಪ್ರೊಸೆಸ್. ಎರಡನೇ ದಿನ ಸಂಜೆ ಸೈಟ್ ಸತ್ತಿತು. ಲಾಗ್ ನೋಡಿದರೆ ಒಂದು ಎರರ್ ಕೂಡ ಇಲ್ಲ!

ರ‍್ಯಾಮ್ ಪೂರ್ತಿ ಖಾಲಿಯಾದಾಗ ಲಿನಕ್ಸ್ ಕರ್ನಲ್ ತಾನೇ ಒಂದು ಪ್ರೊಸೆಸ್ ಆರಿಸಿ ಕೊಲ್ಲುತ್ತದೆ. ಇದಕ್ಕೆ ಓಓಎಂ ಕಿಲ್ಲರ್ ಅಂತಾರೆ. ಅದು ಕಳಿಸೋ ಸಿಗ್‌ಕಿಲ್ ಅನ್ನು ಯಾವ ಪ್ರೋಗ್ರಾಮೂ ತಡೆಯಲಾರದು, ಹಾಗಾಗಿ ಎರರ್ ಬರೆಯೋಕೆ ಪೈಥಾನ್‌ಗೆ ಸಮಯವೇ ಸಿಗಲ್ಲ. ಸುಳಿವು ಸಿಕ್ಕಿದ್ದು ಕರ್ನಲ್‌ನ ಲಾಗ್‌ನಲ್ಲಿ.

ಮೊದಲು ನಾವು ಸುಲಭದ ದಾರಿ ಹಿಡಿದೆವು. ಗಂಟೆಗೊಮ್ಮೆ ರೀಸ್ಟಾರ್ಟ್ ಆಗೋ ಹಾಗೆ ಕ್ರಾನ್ ಹಾಕಿದೆವು. ಆದರೆ ರೀಸ್ಟಾರ್ಟ್ ಆದ ಕ್ಷಣದಲ್ಲೇ ಫಾರ್ಮ್ ಕಳಿಸುತ್ತಿದ್ದ ಎರಡು ತಂಡಗಳ ಹೆಸರು ನಮಗೆ ತಲುಪಲೇ ಇಲ್ಲ. ಆಮೇಲೆ ಸರಿಯಾಗಿ ಕೂತು ಹುಡುಕಿದೆವು.

ಪೈಥಾನ್ ಜೊತೆಗೇ ಬರೋ ಟ್ರೇಸ್‌ಮ್ಯಾಲಾಕ್ ಅನ್ನೋ ಮಾಡ್ಯೂಲ್ ಇದೆ. ಎರಡು ಸ್ನ್ಯಾಪ್‌ಶಾಟ್ ತೆಗೆದು ಹೋಲಿಸಿದರೆ ಯಾವ ಸಾಲಿನಲ್ಲಿ ಮೆಮೊರಿ ಬೆಳೆದಿದೆ ಅಂತ ತೋರಿಸುತ್ತದೆ. ಅದು ಐಡಿ ಕಾರ್ಡ್ ಫೋಟೋ ಓದೋ ಸಾಲನ್ನು ತೋರಿಸಿತು. ಆ ಸಾಲು ಬರೆದವನು ನಮ್ಮ ಜೂನಿಯರ್. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಬೈದೆವು.

ತಪ್ಪು ನಮ್ಮದೇ. ಟ್ರೇಸ್‌ಮ್ಯಾಲಾಕ್ ಹೇಳೋದು ಮೆಮೊರಿ ಎಲ್ಲಿ ಹುಟ್ಟಿತು ಅಂತ. ಅದನ್ನು ಯಾರು ಬಿಡದೆ ಹಿಡಿದುಕೊಂಡಿದ್ದಾರೆ ಅಂತ ಅಲ್ಲ. ಫೋಟೋ ಓದಿದ ಮೇಲೆ ಅದು ಹೋಗುತ್ತಿದ್ದದ್ದು ನಾವು ಬರೆದ ಫಂಕ್ಷನ್‌ಗೆ. ಅದರ ಡೆಫ್ ಸಾಲಿನಲ್ಲಿ ಹೀಗಿತ್ತು: ಫೋಟೋಗಳು=[].

ಪ್ರತಿ ಸಲ ಕರೆದಾಗ ಹೊಸ ಖಾಲಿ ಲಿಸ್ಟ್ ಸಿಗುತ್ತೆ ಅಂದುಕೊಂಡಿದ್ದೆವು. ಹಾಗಲ್ಲ. ಡೆಫ್ ಸಾಲು ರನ್ ಆದಾಗ ಆ ಲಿಸ್ಟ್ ಒಂದೇ ಸಲ ಹುಟ್ಟಿ ಫಂಕ್ಷನ್‌ಗೆ ಅಂಟಿಕೊಳ್ಳುತ್ತದೆ. ಒಬ್ಬರ ಫೋಟೋ, ಇನ್ನೊಬ್ಬರ ಫೋಟೋ, ಎಲ್ಲ ಅದರಲ್ಲೇ. ಒಂದು ಫೋಟೋ 2 ಎಂಬಿ ಅಂದರೂ 400 ನೋಂದಣಿಗೆ 800 ಎಂಬಿ. ಲಿಸ್ಟಿನ ಕೊನೆಯ ಫೋಟೋವನ್ನಷ್ಟೇ ಬಳಸುತ್ತಿದ್ದರಿಂದ ಉತ್ತರ ಯಾವಾಗಲೂ ಸರಿಯಾಗೇ ಬರುತ್ತಿತ್ತು. ಲ್ಯಾಪ್‌ಟಾಪ್‌ನಲ್ಲಂತೂ ಕೋಡ್ ಸೇವ್ ಮಾಡಿದಾಗಲೆಲ್ಲ ಸರ್ವರ್ ರೀಲೋಡ್ ಆಗಿ ಲಿಸ್ಟ್ ಮತ್ತೆ ಖಾಲಿ. ಹೇಗೆ ಗೊತ್ತಾಗಬೇಕು ಹೇಳಿ!

ಡೀಫಾಲ್ಟ್ ಜಾಗದಲ್ಲಿ ನನ್ ಇಟ್ಟು, ಫಂಕ್ಷನ್ ಒಳಗೆ ಅದು ನನ್ ಆಗಿದ್ದರೆ ಹೊಸ ಲಿಸ್ಟ್ ಮಾಡೋ ಹಾಗೆ ತಿದ್ದಿದೆವು. ಕ್ರಾನ್ ತೆಗೆದೆವು. ಫೆಸ್ಟ್ ಮುಗಿಯೋವರೆಗೂ ಸರ್ವರ್ ಒಮ್ಮೆಯೂ ಬೀಳಲಿಲ್ಲ. ಆ ಎರಡು ತಂಡಗಳನ್ನು ಹುಡುಕಿ ಕೈಯಲ್ಲೇ ಸೇರಿಸಿದೆವು. ಜೂನಿಯರ್‌ಗೆ ಸಾರಿ ಕೇಳಿ ಕ್ಯಾಂಟೀನಲ್ಲಿ ದೋಸೆ ಕೊಡಿಸಿದೆವು. ಅವನು ಎರಡು ತಿಂದ.