ಓಟದ ಮೊದಲು ಎದೆ ಯಾಕೆ ಡವಡವ?



ಓಟದ ಗೆರೆಯ ಮೇಲೆ ನಿಂತಾಗ ನಿಮಗೆ ಎಂತ ಆಗ್ತದೆ? ನನಗೆ ಆಗುವುದನ್ನು ಮೊದಲು ಹೇಳುತ್ತೇನೆ. ಎದೆ ಡವಡವ ಹೊಡೆದುಕೊಳ್ಳುತ್ತದೆ. ಕೈಬೆರಳು ತಣ್ಣಗಾಗುತ್ತದೆ. ಬಾಯಿ ಒಣಗುತ್ತದೆ, ಹೊಟ್ಟೆ ತೊಳಸುತ್ತದೆ. ಈಗಷ್ಟೇ ಒಂದಕ್ಕೆ ಹೋಗಿ ಬಂದಿದ್ದರೂ ಮತ್ತೆ ಹೋಗಬೇಕು ಅನ್ನಿಸುತ್ತದೆ. ಕಳೆದ ವರ್ಷ ವಲಯ ಮಟ್ಟದ ಕ್ರೀಡಾಕೂಟದಲ್ಲಿ 600 ಮೀಟರ್ ಓಟದ ಮೊದಲು ನಾನು ಮೂರು ಸಲ ಹೋಗಿ ಬಂದೆ. ಬೆಳಿಗ್ಗೆ ತಿಂದ ನೀರುದೋಸೆ ಮೈದಾನದ ಮೂಲೆಯಲ್ಲಿ ವಾಂತಿ ಆಯ್ತು. ಸೀಟಿ ಊದಿದ ಕೂಡಲೇ ಹೆದರಿಕೆಯಲ್ಲಿ ನೂರು ಮೀಟರ್ ಓಟದ ಹಾಗೆ ಓಡಿದೆ. ಎರಡನೇ ಸುತ್ತಿಗೆ ಕಾಲು ಸೋತುಹೋಯಿತು. ಉಳಿದದ್ದನ್ನು ನಡೆದು ಮುಗಿಸಿದೆ. ಕಡೆಯಿಂದ ಎರಡನೆಯವಳು. ಇದನ್ನು ಕಣ್ಣಾರೆ ನೋಡಿದವರು ನಮ್ಮ ತರಗತಿಯಲ್ಲೇ ಇದ್ದಾರೆ, ಆದ್ದರಿಂದ ಅಡಗಿಸಿ ಪ್ರಯೋಜನ ಇಲ್ಲ.

ಈ ವರ್ಷ ಹಾಗೆ ಆಗಬಾರದು ಎಂದು ಯೋಚನೆ ಮಾಡಿ ಮಾಡಿ ನಾನು ಒಂದು ಕೆಲಸ ಮಾಡಿದೆ. ನಮ್ಮ ಹತ್ತಿರದ ಮನೆಯ ಅಕ್ಕ ಒಬ್ಬರು, "ಬಿ.ಪಿ. ಮಾತ್ರೆಯಲ್ಲಿ ಒಂದು ನಮೂನೆ ಉಂಟು, ತಿಂದ್ರೆ ಎದೆ ಹೊಡ್ಕೊಳ್ಳುವುದು ನಿಲ್ತದೆ, ಕೈ ನಡುಗುವುದಿಲ್ಲ" ಎಂದು ಅಮ್ಮನ ಹತ್ತಿರ ಮಾತಾಡುವಾಗ ಕೇಳಿದ್ದೆ. ನಮ್ಮ ಅಜ್ಜಿಗೆ ದಿನಾ ಬೆಳಿಗ್ಗೆ ತಿನ್ನುವ ಮಾತ್ರೆ ಉಂಟು. ಅದರಲ್ಲಿ ಒಂದನ್ನು ತೆಗೆದು ಕಾಗದದಲ್ಲಿ ಸುತ್ತಿ ಕಂಪಾಸ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡೆ. ಓಟದ ದಿನ ತಿನ್ನುವುದು ಎಂದು ನನ್ನ ಲೆಕ್ಕ.

ಓಟಕ್ಕೆ ನಾಲ್ಕು ದಿನ ಇರುವಾಗ ಶಾಲೆಗೆ ಆರೋಗ್ಯ ತಪಾಸಣೆಗೆ ಡಾಕ್ಟರಮ್ಮ ಬಂದರು. ನನ್ನ ಸರದಿ ಬಂದಾಗ, "ಓಟದ ಮೊದಲು ಎದೆ ಜೋರು ಹೊಡೆಯುವುದು ಕಾಯಿಲೆಯಾ ಮೇಡಂ?" ಎಂದು ಕೇಳಿದೆ. ಅವರು ನಗಲಿಲ್ಲ. ಕೂರಿಸಿ ವಿವರಿಸಿದರು. ಅವರು ಹೇಳಿದ್ದನ್ನೂ, ಆಮೇಲೆ ವಿಜ್ಞಾನದ ಸರ್ ಮತ್ತು ಪಿ.ಟಿ. ಸರ್ ಹತ್ತಿರ ಕೇಳಿ ತಿಳಿದದ್ದನ್ನೂ ಇಲ್ಲಿ ಬರೆದಿದ್ದೇನೆ.

ನಮ್ಮ ಎರಡು ಮೂತ್ರಪಿಂಡಗಳ ಮೇಲೆ ಟೊಪ್ಪಿ ಇಟ್ಟ ಹಾಗೆ ಎರಡು ಚಿಕ್ಕ ಗ್ರಂಥಿಗಳು ಇವೆ. ಅವುಗಳ ಹೆಸರು ಅಡ್ರಿನಲ್ ಗ್ರಂಥಿ. ಹೆದರಿಕೆ ಆದಾಗ ಅಥವಾ ದೊಡ್ಡ ಕೆಲಸ ಎದುರಿಗೆ ಇದ್ದಾಗ ಮಿದುಳು ಅವುಗಳಿಗೆ ಸುದ್ದಿ ಕೊಡುತ್ತದೆ. ಆಗ ಅವು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಅದು ಹೃದಯವನ್ನು ಬೇಗ ಬೇಗ ಬಡಿಯುವಂತೆ ಮಾಡುತ್ತದೆ. ಶ್ವಾಸದ ಕೊಳವೆಗಳನ್ನು ಅಗಲ ಮಾಡುತ್ತದೆ. ಪಿತ್ತಜನಕಾಂಗದಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡಿಸುತ್ತದೆ. ಹೊಟ್ಟೆಗೆ ಮತ್ತು ಚರ್ಮಕ್ಕೆ ಹೋಗುವ ರಕ್ತವನ್ನು ಕಡಿಮೆ ಮಾಡಿ ಕಾಲಿನ ಸ್ನಾಯುಗಳ ಕಡೆಗೆ ಕಳಿಸುತ್ತದೆ. ಹೊಟ್ಟೆ ತೊಳಸುವುದು, ಬೆರಳು ತಣ್ಣಗಾಗುವುದು ಇದರಿಂದಲೇ. ಅಂದರೆ ನನಗೆ ಹೆದರಿಕೆ ಎಂದು ಕಂಡದ್ದು ಎಲ್ಲ, ದೇಹ ಓಟಕ್ಕೆ ತಯಾರಾಗುವ ಕೆಲಸ.

ಕಂಬಳ ನೋಡಿದ್ದೀರಲ್ಲ? ಗಂತಿನಲ್ಲಿ ಕೋಣಗಳು ಒಂದು ಕ್ಷಣ ಸುಮ್ಮನೆ ನಿಲ್ಲುವುದಿಲ್ಲ. ಬುಸುಬುಸು ಉಸಿರು ಬಿಡುತ್ತವೆ, ಹಿಡಿದವರನ್ನು ಎಳೆಯುತ್ತವೆ. ಅದನ್ನು ನೋಡಿ ಯಾರೂ "ಪಾಪ, ಕೋಣಕ್ಕೆ ಹೆದರಿಕೆ" ಎನ್ನುವುದಿಲ್ಲ. "ಇವತ್ತು ಜೋರು ಉಂಟು" ಅನ್ನುತ್ತಾರೆ! ನಾವು ಅದೇ ರೀತಿ ಮಾಡಿದರೆ ಮಾತ್ರ ಪುಕ್ಕಲು ಎಂದು ಹೆಸರು.

ಈಗ ಮಾತ್ರೆಯ ವಿಷಯ. ಅಜ್ಜಿಯ ಮಾತ್ರೆ ಬೀಟಾ ಬ್ಲಾಕರ್ ಎಂಬ ಜಾತಿಯದ್ದು. ಪ್ರೊಪ್ರನೊಲಾಲ್, ಅಟೆನೊಲಾಲ್ ಎಲ್ಲ ಈ ಜಾತಿಯವು. ಡಾಕ್ಟರಮ್ಮ ಹೇಳಿದ ಉದಾಹರಣೆ ನನಗೆ ಬಹಳ ಇಷ್ಟ ಆಯಿತು. ಹೃದಯದಲ್ಲಿ ಬೀಗಗಳಿವೆ, ಅಡ್ರಿನಲಿನ್ ಅದರ ಕೀಲಿಕೈ. ಮಾತ್ರೆಯು ಬೀಗದ ತೂತಿಗೆ ಮೇಣ ತುಂಬಿದ ಹಾಗೆ ಮಾಡುತ್ತದೆ. ಕೀಲಿಕೈ ಒಳಗೆ ಹೋಗುವುದಿಲ್ಲ, ಹೃದಯ ನಿಧಾನವಾಗಿಯೇ ಬಡಿಯುತ್ತದೆ. ರಕ್ತದ ಒತ್ತಡ ಇರುವ ಅಜ್ಜಿಗೆ ಅದು ಒಳ್ಳೆಯದು. ಆದರೆ 600 ಮೀಟರ್ ಓಡುವವಳ ಹೃದಯ ಜೋರಾಗಿ ಬಡಿಯಲೇಬೇಕು, ಇಲ್ಲದಿದ್ದರೆ ಕಾಲಿಗೆ ಸಾಕಷ್ಟು ಆಮ್ಲಜನಕ ಸಿಗುವುದಿಲ್ಲ. ಒತ್ತಡ ಇಳಿದು ತಲೆ ತಿರುಗಿ ಬೀಳಲೂಬಹುದು. ದಮ್ಮಿನ ಕಾಯಿಲೆ ಇರುವವರು ಪ್ರೊಪ್ರನೊಲಾಲ್ ತಿಂದರೆ ಶ್ವಾಸದ ಕೊಳವೆ ಬಿಗಿದು ಜೀವಕ್ಕೇ ಅಪಾಯ. ನಮ್ಮ ತರಗತಿಯಲ್ಲಿ ದಮ್ಮು ಇದ್ದೂ ಓಡುವವರು ಇದ್ದಾರೆ. ನಾನು ಆ ಮಾತ್ರೆಯನ್ನು "ಒಳ್ಳೆದುಂಟು, ತಿನ್ನು" ಎಂದು ಅವಳಿಗೂ ಅರ್ಧ ಕೊಟ್ಟಿದ್ದರೆ? ಈಗ ನೆನೆಸಿದರೂ ಮೈ ನಡುಗುತ್ತದೆ.

ಈ ಜಾತಿಯ ಮಾತ್ರೆ ಬಂದೂಕು ಗುರಿ ಹೊಡೆಯುವವರಿಗೆ ನಿಷೇಧ. ಎದೆ ನಿಧಾನವಾಗಿ ಬಡಿದರೆ ಕೈ ಅಲುಗಾಡುವುದಿಲ್ಲವಲ್ಲ, ಅದಕ್ಕೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಕಿಮ್ ಜಾಂಗ್ ಸು ಪಿಸ್ತೂಲು ಸ್ಪರ್ಧೆಗಳಲ್ಲಿ ಒಂದು ಬೆಳ್ಳಿ, ಒಂದು ಕಂಚು ಗೆದ್ದಿದ್ದರು. ಪರೀಕ್ಷೆಯಲ್ಲಿ ಪ್ರೊಪ್ರನೊಲಾಲ್ ಸಿಕ್ಕಿ ಎರಡೂ ಪದಕಗಳನ್ನು ವಾಪಸ್ ಪಡೆದರು. ಓಟದವರಿಗೆ ಈ ಮಾತ್ರೆ ನಿಷೇಧದ ಪಟ್ಟಿಯಲ್ಲಿ ಇಲ್ಲ. ಇದನ್ನು ಕೇಳಿ ನನಗೆ ಮೊದಲು ಖುಷಿ ಆಯ್ತು. ಆಮೇಲೆ ಗೊತ್ತಾಯ್ತು, ಓಡುವವರಿಗೆ ಅದರಿಂದ ನಷ್ಟವೇ ಹೆಚ್ಚು.

ಇನ್ನೊಂದು ಸಂಗತಿ ನಮ್ಮ ಜಿಲ್ಲೆಯದ್ದೇ. ಕುಂದಾಪುರ ತಾಲೂಕು ಸಿದ್ದಾಪುರದ ಹತ್ತಿರದ ಜನ್ಸಾಲೆಯ ಅಶ್ವಿನಿ ಅಕ್ಕುಂಜಿ ಅವರ ಹೆಸರು ಕೇಳಿದ್ದೀರಿ. 2010ರಲ್ಲಿ ಚೀನಾದ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್‌ನಲ್ಲೂ 4x400 ರಿಲೇಯಲ್ಲೂ ಚಿನ್ನ ಗೆದ್ದವರು. 2011ರಲ್ಲಿ ಅವರ ಪರೀಕ್ಷೆಯಲ್ಲಿ ನಿಷೇಧಿತ ಸ್ಟೀರಾಯ್ಡ್ ಸಿಕ್ಕಿತು. ತರಬೇತುದಾರರು ಕೊಟ್ಟ ಜಿನ್ಸೆಂಗ್ ಎಂಬ ಬೇರಿನ ಮಾತ್ರೆಯಿಂದ ಅದು ದೇಹಕ್ಕೆ ಸೇರಿತು, ತನಗೆ ಗೊತ್ತಿರಲಿಲ್ಲ ಎಂದು ಅವರು ಹೇಳಿದರು. ಆದರೂ 2012ರಲ್ಲಿ ಕ್ರೀಡಾ ನ್ಯಾಯಮಂಡಳಿ ಎರಡು ವರ್ಷದ ನಿಷೇಧ ವಿಧಿಸಿತು. ಅದು ಹೆದರಿಕೆಯ ಮಾತ್ರೆ ಅಲ್ಲ, ಬೇರೆಯೇ ವಿಷಯ. ಆದರೆ ಕ್ರೀಡೆಯ ನಿಯಮ ಹೀಗೆ: ಯಾರೇ ಕೊಟ್ಟಿರಲಿ, ದೇಹದ ಒಳಗೆ ಇದ್ದದ್ದಕ್ಕೆ ಓಟಗಾರರೇ ಜವಾಬ್ದಾರಿ. ಅಷ್ಟು ದೊಡ್ಡ ಓಟಗಾರ್ತಿಗೇ ಹೀಗಾದರೆ, ಹೆಸರೂ ಓದದೆ ಅಜ್ಜಿಯ ಮಾತ್ರೆ ತೆಗೆದ ನನಗೆ ಎಂತ ಹೇಳುವುದು?

ಹಾಗೆಂದು ಎಲ್ಲ ಮದ್ದೂ ಕೆಟ್ಟದ್ದಲ್ಲ. ದಮ್ಮು ಇರುವವರು ಡಾಕ್ಟರು ಕೊಟ್ಟ ಇನ್‌ಹೇಲರ್ ಬಿಡಬಾರದು. ಇನ್ನು ಕೆಲವರಿಗೆ ಓಟ ಇಲ್ಲದ ದಿನವೂ ಹೆದರಿಕೆ ಹೋಗುವುದಿಲ್ಲ, ರಾತ್ರಿ ನಿದ್ದೆ ಬರುವುದಿಲ್ಲ, ಶಾಲೆಗೆ ಬರಲಿಕ್ಕೂ ಆಗುವುದಿಲ್ಲ. ಅದು ಆತಂಕದ ಕಾಯಿಲೆ ಇರಬಹುದು. ಜ್ವರಕ್ಕೆ ಹೇಗೋ ಹಾಗೆ ಅದಕ್ಕೂ ಚಿಕಿತ್ಸೆ ಉಂಟು, ನಾಚಿಕೆಯ ವಿಷಯ ಅಲ್ಲ. ಸರಕಾರದ ಟೆಲಿ ಮಾನಸ್ ಎಂಬ ಫೋನ್ ಉಂಟು, ನಂಬರು 14416. ಹಣ ಬೇಡ, ಕನ್ನಡದಲ್ಲೇ ಮಾತಾಡಬಹುದು.

ಗ್ಲೂಕೋಸ್ ಪುಡಿಯ ಬಗ್ಗೆಯೂ ಕೇಳಿದೆ, ಯಾಕೆಂದರೆ ಓಟದ ದಿನ ನಾವೆಲ್ಲ ಅಂಗೈಯಲ್ಲಿ ಹಾಕಿ ನೆಕ್ಕುತ್ತೇವೆ. ಎರಡು ಮೂರು ನಿಮಿಷದ ಓಟಕ್ಕೆ ಬೇಕಾದ ಸಕ್ಕರೆ ನಮ್ಮ ಸ್ನಾಯುವಿನಲ್ಲೇ ಇರುತ್ತದಂತೆ. ರುಚಿಗೆ ಸ್ವಲ್ಪ ತಿನ್ನಬಹುದು, ಹೆಚ್ಚು ತಿಂದರೆ ಹೊಟ್ಟೆ ಕೆಡುತ್ತದೆ.

ಮಾತ್ರೆ ಬೇಡ ಅಂದರೆ ಮತ್ತೆ ಎಂತ ಮಾಡುವುದು? ಮುಖ್ಯವಾದದ್ದು ಉಸಿರು. ಮೂಗಿನಿಂದ ಉಸಿರು ತೆಗೆದುಕೊಂಡು, ತೆಗೆದುಕೊಂಡದ್ದರ ಎರಡರಷ್ಟು ಹೊತ್ತು ಬಾಯಿಯಿಂದ ನಿಧಾನ ಬಿಡಬೇಕು, ಬಿಸಿ ಗಂಜಿಯನ್ನು ಊದಿ ಆರಿಸಿದ ಹಾಗೆ. ನಂಬಿಕೆ ಬಾರದಿದ್ದರೆ ನಿಮ್ಮ ನಾಡಿ ಹಿಡಿದುಕೊಂಡು ಮಾಡಿ ನೋಡಿ. ಉಸಿರು ಒಳಗೆ ಹೋಗುವಾಗ ಬಡಿತ ಸ್ವಲ್ಪ ಬೇಗ ಆಗುತ್ತದೆ, ಹೊರಗೆ ಬಿಡುವಾಗ ನಿಧಾನ ಆಗುತ್ತದೆ. ನಮ್ಮ ವಯಸ್ಸಿನವರಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಹಾಗೆ ಆರೇಳು ಸಲ ಬಿಟ್ಟರೆ ಸಾಕು.

ಮತ್ತೆ ಊಟ. ಓಟಕ್ಕೆ ಎರಡು ಮೂರು ಗಂಟೆ ಮೊದಲೇ ಮುಗಿಸಬೇಕು, ಕಳೆದ ವರ್ಷ ನಾನು ಮುಕ್ಕಾಲು ಗಂಟೆ ಮೊದಲು ತಿಂದಿದ್ದೆ! ಮೈದಾನಕ್ಕೆ ಬೇಗ ಹೋಗಿ ಟ್ರ್ಯಾಕಿನಲ್ಲಿ ಒಂದು ಸುತ್ತು ನಡೆದು ತಿರುವು ಎಲ್ಲಿ, ಹೊಂಡ ಎಲ್ಲಿ ಎಂದು ನೋಡಿಕೊಂಡರೆ ಅರ್ಧ ಹೆದರಿಕೆ ಅಲ್ಲೇ ಹೋಗುತ್ತದೆ. ಆಮೇಲೆ ಮೈ ಬಿಸಿಯಾಗುವಷ್ಟು ಮೆಲ್ಲ ಓಡಬೇಕು. ಪಿ.ಟಿ. ಸರ್ ನನಗೆ ಇನ್ನೊಂದು ಉಪಾಯ ಹೇಳಿದರು. "ಗೆಲ್ಲುವುದನ್ನು ಯೋಚಿಸಬೇಡ, ಮೊದಲ 100 ಮೀಟರ್ ಹೇಗೆ ಓಡ್ತಿ, ಅದನ್ನು ಮಾತ್ರ ಯೋಚಿಸು" ಎಂದು.

ಗೆರೆಯ ಮೇಲೆ ತಲೆ ಕೆಟ್ಟರೆ ದೊಡ್ಡವರಿಗೂ ಕಷ್ಟವೇ. 2011ರಲ್ಲಿ ಕೊರಿಯಾದ ಡೇಗುವಿನಲ್ಲಿ ವಿಶ್ವ ಚಾಂಪಿಯನ್‌ಶಿಪ್‌ನ 100 ಮೀಟರ್ ಫೈನಲ್‌ನಲ್ಲಿ ಉಸೇನ್ ಬೋಲ್ಟ್ ಗುಂಡಿನ ಶಬ್ದಕ್ಕೆ ಮೊದಲೇ ಓಡಿ ಹೊರಗೆ ಹೋದರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್ ಫೈನಲ್‌ನಲ್ಲಿ ಬೇರೆ ಓಟಗಾರ್ತಿ ಮೊದಲೇ ಓಡಿದ್ದರಿಂದ ಎಲ್ಲರನ್ನೂ ಪುನಃ ಕರೆದು ನಿಲ್ಲಿಸಿದರು. ಅದರಿಂದ ತನ್ನ ಲಯ ತಪ್ಪಿತು ಎಂದು ಪಿ.ಟಿ. ಉಷಾ ಹೇಳಿದ್ದಾರೆ. ಅವರಿಗೆ ಕಂಚು ತಪ್ಪಿದ್ದು ಸೆಕೆಂಡಿನ ನೂರರಲ್ಲಿ ಒಂದು ಭಾಗದಿಂದ.

ಡಾಕ್ಟರಮ್ಮ ಬಂದ ದಿನ ಸಂಜೆಯೇ ನಾನು ಮಾತ್ರೆಯನ್ನು ಅಜ್ಜಿಯ ಕೈಗೆ ಕೊಟ್ಟು ಇದ್ದದ್ದನ್ನು ಹೇಳಿದೆ. ಅಜ್ಜಿ ಬೈಯಲಿಲ್ಲ. ಸ್ವಲ್ಪ ಹೊತ್ತು ಮಾತ್ರೆಯನ್ನೇ ನೋಡಿ, "ಅದಕ್ಕೇ ಒಂದು ಕಮ್ಮಿ ಆದದ್ದಾ? ನಾನು ಮರೆತು ಎರಡು ತಿಂದೆನೋ ಅಂತ ಗ್ರಹಿಸಿ ಮರುದಿನ ತಿನ್ನದೆ ಬಿಟ್ಟೆ" ಎಂದರು. ಈ ಜಾತಿಯ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬಾರದು, ಒತ್ತಡ ಏರುತ್ತದೆ ಎಂದು ಡಾಕ್ಟರಮ್ಮ ಅವತ್ತೇ ಹೇಳಿದ್ದರು. ನಾನು ನನ್ನ ಎದೆಯನ್ನು ಮಾತ್ರ ಯೋಚಿಸಿದ್ದೆ. ಅಮ್ಮ ಮರುದಿನ ಅಜ್ಜಿಯನ್ನು ಕರೆದುಕೊಂಡು ಹೋಗಿ ಒತ್ತಡ ನೋಡಿಸಿದರು. ಸರಿಯಾಗಿತ್ತು. ಆ ರಾತ್ರಿ ನನಗೆ ಆದ ಹೆದರಿಕೆಯ ಮುಂದೆ ಓಟದ ಹೆದರಿಕೆ ಏನೂ ಅಲ್ಲ.

ಇನ್ನು ಓಟದ ದಿನ. ನಮ್ಮ ವಿಜ್ಞಾನ ಪಾಠದಲ್ಲಿ ನಾಡಿ ಎಣಿಸುವುದು ಉಂಟಲ್ಲ, ಅದನ್ನೇ ಮಾಡಿದೆ. 10 ಸೆಕೆಂಡು ಎಣಿಸಿ 6ರಿಂದ ಗುಣಿಸುವುದು. ಹಿಂದಿನ ದಿನ ತರಗತಿಯಲ್ಲಿ ಸುಮ್ಮನೆ ಕೂತಾಗ ನನ್ನ ನಾಡಿ ನಿಮಿಷಕ್ಕೆ 84. ಓಟಕ್ಕೆ ಹತ್ತು ನಿಮಿಷ ಇರುವಾಗ, ಓಡದೆಯೇ 126! ನನ್ನ ಪಕ್ಕ ಬೇರೆ ಶಾಲೆಯ ಹುಡುಗಿ ಒಬ್ಬಳು ನಿಂತಿದ್ದಳು, ಕಳೆದ ವರ್ಷ ಗೆದ್ದವಳು. "ನಿನ್ನ ನಾಡಿ ನೋಡ್ಲಾ?" ಎಂದು ಕೇಳಿದೆ. ಅವಳು ನಕ್ಕು ಕೈ ಕೊಟ್ಟಳು. ಬೆರಳು ನನ್ನದರಷ್ಟೇ ತಣ್ಣಗೆ. ಎಣಿಸಿದರೆ 132.

"ನಿನಗೂ ಹೆದರಿಕೆ ಆಗ್ತದಾ?" ಎಂದೆ.

"ಆಗದೆ ಎಂತ ಮಾರಾಯ್ತಿ, ಪ್ರತೀ ಸಲ ಆಗ್ತದೆ" ಎಂದಳು.

ಈ ವರ್ಷವೂ ಅವಳೇ ಗೆದ್ದಳು. ನಾನು ನಾಲ್ಕನೆಯವಳಾಗಿ ಬಂದೆ. ಪದಕ ಇಲ್ಲ, ವಾಂತಿಯೂ ಇಲ್ಲ, ನಡೆಯಲೂ ಇಲ್ಲ. ಒಂದಕ್ಕೆ ಮಾತ್ರ ಎರಡು ಸಲ ಹೋದೆ. ಮುಗಿದ ಕೂಡಲೇ ನಾಡಿ 192 ಇತ್ತು. ಅಜ್ಜಿಯ ಮಾತ್ರೆ ತಿಂದಿದ್ದರೆ ಅಷ್ಟಕ್ಕೆ ಏರುತ್ತಿರಲಿಲ್ಲ ಎಂದು ವಿಜ್ಞಾನದ ಸರ್ ಹೇಳಿದರು.

ನಮ್ಮ ಶಾಲೆಯ ಕ್ರೀಡೋತ್ಸವ ಹತ್ತಿರ ಬಂತು. ಓಟಕ್ಕೆ ಹತ್ತು ನಿಮಿಷ ಮೊದಲು ಎಲ್ಲರೂ ನಾಡಿ ಎಣಿಸಿ, ಈ ಪತ್ರಿಕೆಯ ಕೆಳಗೆ ಅಂಟಿಸಿದ ಬಿಳಿ ಹಾಳೆಯಲ್ಲಿ ಬರೆಯಿರಿ. ಹೆಸರು ಬೇಡ, ಅಂಕಿ ಮಾತ್ರ ಸಾಕು. ಪೆನ್ಸಿಲನ್ನು ದಾರದಲ್ಲಿ ಕಟ್ಟಿದ್ದೇನೆ, ದಯವಿಟ್ಟು ಯಾರೂ ಬಿಚ್ಚಬೇಡಿ.

— 7ನೇ ತರಗತಿ ವಿದ್ಯಾರ್ಥಿನಿ, ಸಂತೆಕಟ್ಟೆ