ಖಜಾನೆಯ ನೆಲಮಾಳಿಗೆಯಲ್ಲಿ ಒಂದು ಮಧ್ಯಾಹ್ನ

ಮೆಲ್ಬರ್ನಿಗೆ ಬಂದ ಹೊಸದರಲ್ಲಿ ನಾವು ಐದು ಜನ ಮೊದಲು ಹುಡುಕಿದ್ದು ‘ಪ್ರವೇಶ ಉಚಿತ’ ಅಂತ ಬರೆದಿರೋ ಜಾಗಗಳನ್ನ. ಬಾಡಿಗೆ ಕಟ್ಟಿ ಉಳಿಯೋ ಡಾಲರಲ್ಲಿ ಇನ್ನೇನು ನೋಡೋದು! ಹಾಗೆ ಸಿಕ್ಕಿದ್ದು ಸ್ಪ್ರಿಂಗ್ ಸ್ಟ್ರೀಟಿನ ಓಲ್ಡ್ ಟ್ರೆಷರಿ ಬಿಲ್ಡಿಂಗ್. ವಸಾಹತು ಕಾಲದ ಸರ್ಕಾರಿ ಖಜಾನೆ ಈಗ ಊರಿನ ಇತಿಹಾಸದ ಮ್ಯೂಸಿಯಂ.

1851ರಲ್ಲಿ ವಿಕ್ಟೋರಿಯಾದಲ್ಲಿ ಚಿನ್ನದ ಹುಚ್ಚು ಶುರುವಾಯಿತು. ಆ ಚಿನ್ನ ಇಡಲೆಂದೇ 1858ರಿಂದ 1862ರವರೆಗೆ ಈ ಕಟ್ಟಡ ಕಟ್ಟಿದರು. ವಿನ್ಯಾಸ ಶುರು ಮಾಡಿದಾಗ ಜೆ. ಜೆ. ಕ್ಲಾರ್ಕ್‌ಗೆ ಬರೀ 19 ವರ್ಷ. ಆ ವಯಸ್ಸಲ್ಲಿ ನಾವು ಗಣಿತದ ಬ್ಯಾಕ್‌ಲಾಗ್ ಕ್ಲಿಯರ್ ಮಾಡ್ತಿದ್ವಿ.

ಚಿನ್ನ ಇಡುವ ಕೋಣೆಗಳು ನೆಲಮಾಳಿಗೆಯಲ್ಲಿವೆ. ಚಾವಣಿ ಕಮಾನಿನ ಆಕಾರದ್ದು. ಇಟ್ಟಿಗೆ ಒತ್ತಡ ತಡೆಯುತ್ತೆ, ಎಳೆತ ತಡೆಯಲ್ಲ. ಕಮಾನು ಮೇಲಿನ ಭಾರವನ್ನೆಲ್ಲ ಒತ್ತಡವಾಗಿಸಿ ಪಕ್ಕದ ದಪ್ಪ ಗೋಡೆಗೆ ದಾಟಿಸುತ್ತೆ. ಮೊದಲ ವರ್ಷ ಬಾಯಿಪಾಠ ಮಾಡಿದ್ದು ಇಲ್ಲಿ ಕೈಯಿಂದ ಮುಟ್ಟಿದಾಗ ಅರ್ಥವಾಯಿತು. ತಮಾಷೆ ಅಂದ್ರೆ, ಕಟ್ಟಡ ಮುಗಿಯೋ ಹೊತ್ತಿಗೆ ಚಿನ್ನದ ಭರಾಟೆ ಇಳಿದಿತ್ತು.

ಚಿನ್ನ ಅಗೆದವರ ಲೆಕ್ಕವೇ ಬೇರೆ. 1855ರಲ್ಲಿ ವಿಕ್ಟೋರಿಯಾ, ಹಡಗಿನಲ್ಲಿ ಬರುವ ಪ್ರತಿ ಚೀನೀಯನಿಗೂ 10 ಪೌಂಡ್ ತೆರಿಗೆ ಹಾಕಿತು. ತಪ್ಪಿಸಿಕೊಳ್ಳಲು ಸಾವಿರಾರು ಜನ ಪಕ್ಕದ ಸೌತ್ ಆಸ್ಟ್ರೇಲಿಯಾದ ರೋಬ್‌ನಲ್ಲಿ ಇಳಿದು, 400 ಕಿಲೋಮೀಟರಿಗೂ ಹೆಚ್ಚು ನಡೆದೇ ಗಣಿ ಸೇರಿದರು. ವೀಸಾ ಫೀಸ್ ಕಟ್ಟಿ ಬಂದ ನಮಗೆ ಇದನ್ನ ಓದುವಾಗ ಒಂಥರಾ ಆಯಿತು.

ನಮ್ಮ ಜೊತೆ ಬಂಗಾರಪೇಟೆ ಕಡೆಯ ಗೆಳೆಯನೊಬ್ಬ ಇದ್ದ. ಅವನಜ್ಜ ದಿನಾ ಮಾರಿಕುಪ್ಪಂ ರೈಲು ಹತ್ತಿ ಕೆಜಿಎಫ್ ಗಣಿಗೆ ಇಳಿದವರು. ಕೋಲಾರದ ಈ ಕಥೆಗೂ ಇದೇ ಚಿನ್ನದ ಹುಚ್ಚಿನ ನಂಟಿದೆ. 1870ರ ದಶಕದಲ್ಲಿ ಅಲ್ಲಿ ಅಗೆಯಲು ಪರವಾನಗಿ ಪಡೆದ ಮೈಕೇಲ್ ಲಾವೆಲ್, ನ್ಯೂಜಿಲೆಂಡಿನಲ್ಲಿ ಸೈನಿಕನಾಗಿದ್ದವನು. ಬೆಂಗಳೂರಿನ ಲಾವೆಲ್ ರಸ್ತೆಯಲ್ಲಿ ಎಷ್ಟು ಸಲ ಓಡಾಡಿದ್ದೀವಿ, ಯಾರ ಹೆಸರು ಅಂತ ಕೇಳಿರಲಿಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಬಂತು, ಗಣಿ 3 ಕಿಲೋಮೀಟರಿಗಿಂತ ಆಳಕ್ಕೆ ಹೋಯಿತು, 2001ರ ಫೆಬ್ರುವರಿಯಲ್ಲಿ ಮುಚ್ಚಿತು. ಇಷ್ಟನ್ನ ನಾವು ಯಾರು ಬೇಕಾದರೂ ಹೇಳ್ತೀವಿ. ಅಜ್ಜ ಕೆಳಗೆ ಏನು ಕೆಲಸ ಮಾಡ್ತಿದ್ರು ಅಂತ ಕೇಳಿದ್ದಕ್ಕೆ ಗೆಳೆಯನ ಹತ್ತಿರ ಉತ್ತರ ಇರಲಿಲ್ಲ. ಅಜ್ಜ ಹೋಗಿ ಎಂಟು ವರ್ಷ ಆಯಿತು.

ಇದೇ ನೆಲಮಾಳಿಗೆಯಲ್ಲಿ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕಟ್ಟಡ ನೋಡಿಕೊಳ್ಳುವವನ ಕುಟುಂಬ ಮಕ್ಕಳ ಜೊತೆ ವಾಸವಾಗಿತ್ತು. ಅವರ ಸಂಸಾರವನ್ನೂ ಮ್ಯೂಸಿಯಂ ಜೋಪಾನವಾಗಿ ತೋರಿಸಿದೆ. ಗೆಳೆಯ ಬಹಳ ಹೊತ್ತು ನಿಂತಿದ್ದು ಅಲ್ಲೇ, ಚಿನ್ನದ ಮುಂದೆ ಅಲ್ಲ.

ನೀವೂ ಹೋಗಿ, ತೆರೆದಿರೋ ದಿನ ಮಾತ್ರ ಮೊದಲೇ ನೋಡ್ಕೊಳ್ಳಿ. ಎರಡು ಗಂಟೆ ಬೇಕು.

ಅವತ್ತು ರಾತ್ರಿ ಗೆಳೆಯ ಅಜ್ಜಿಗೆ ಫೋನ್ ಮಾಡಿದ. ನಾವೆಲ್ಲ ಸ್ಪೀಕರಿಗೆ ಕಿವಿ ಕೊಟ್ಟು ಕೂತಿದ್ವಿ, ರೆಕಾರ್ಡಿಂಗ್ ಆನ್ ಇತ್ತು. ಅಜ್ಜಿ ಮೊದಲು ಕೇಳಿದ್ದು, “ಊಟ ಆಯ್ತೇನಪ್ಪಾ?”